ಗುಡ್ಡ ಹತ್ತೋಕೆ ಬ್ಯಾಗ್ ಬೇಕಾ? ಮೊದಲು ಮಳೆ ಯೋಚನೆ ಮಾಡಿ

ಸೆಪ್ಟೆಂಬರ್ ಬಂತೆಂದರೆ ಯಾರಾದರೂ ಒಬ್ಬರು ಫೋನ್ ಮಾಡಿ ಕೇಳುತ್ತಾರೆ, "ಕೊಡಚಾದ್ರಿಗೆ ಹೊರಟಿದ್ದೀವಿ ಮಾರಾಯ, ಯಾವ ಬ್ಯಾಗ್ ತಗೊಳ್ಳಲಿ?" ನಾನು ಬ್ಯಾಗ್ ವ್ಯಾಪಾರಿ ಏನಲ್ಲ. ಶಿವಮೊಗ್ಗದಲ್ಲಿದ್ದುಕೊಂಡು, ರಜೆ ಸಿಕ್ಕಾಗೆಲ್ಲ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಾಡು ಗುಡ್ಡ ಸುತ್ತುವವನು, ಅಷ್ಟೇ. ಆದರೆ ಇಲ್ಲಿವರೆಗೆ ನಾಲ್ಕು ಬ್ಯಾಗ್ ಹಾಳು ಮಾಡಿಕೊಂಡಿದ್ದೇನೆ. ಅದರಲ್ಲಿ ಗುಡ್ಡದಲ್ಲಿ ಹರಿದದ್ದು ಒಂದೇ. ಉಳಿದ ಮೂರೂ ಮನೆಯ ಗೂಟದಲ್ಲಿ ನೇತಾಡುತ್ತಲೇ ಪ್ರಾಣ ಬಿಟ್ಟವು, ಮಳೆಗಾಲದ ಥಂಡಿಗೆ. ಹಾಗಾಗಿ ನನ್ನನ್ನು ಕೇಳಿದರೆ, ನಮ್ಮ ಕಡೆ ಬ್ಯಾಗ್ ಕೊಳ್ಳುವಾಗ ಎಷ್ಟು ಹಿಡಿಯುತ್ತೆ ಅನ್ನೋದಕ್ಕಿಂತ ಎಷ್ಟು ಬೇಗ ಒಣಗುತ್ತೆ ಅನ್ನೋದನ್ನ ಮೊದಲು ನೋಡಬೇಕು.

ಅದಕ್ಕೂ ಮುಂಚೆ ಒಂದು ವಿಷಯ. ಆನ್‌ಲೈನಿನಲ್ಲಿ ಹುಡುಕಿದರೆ ‘ಹಂಟಿಂಗ್ ಬ್ಯಾಕ್‌ಪ್ಯಾಕ್’ ಅಂತ ಎಲೆ ಚಿತ್ರದ, ಮಿಲಿಟರಿ ಬಣ್ಣದ ಬ್ಯಾಗ್‌ಗಳು ಸಾಲಾಗಿ ಬರುತ್ತವೆ. ನೋಡೋಕೆ ಚಂದ, ಹುಡುಗರು ಅದಕ್ಕೇ ಬೀಳುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಜಗಲಿ ಮೇಲೆ ಕೂತು ಅಜ್ಜಂದಿರು ಹೇಳುವ ಕಥೆ ಮಾತ್ರ. ತೋಟ ಕಾಯುವ ಕೋವಿಗೂ ಲೈಸೆನ್ಸ್ ಬೇಕು, ಚುನಾವಣೆ ಬಂದರೆ ಅದನ್ನೂ ಠಾಣೆಗೆ ಕೊಟ್ಟು ಬರಬೇಕು. ಬೇಟೆಗೆ ಅನುಮತಿ ಇರುವ ಅಮೆರಿಕದಂಥ ದೇಶಗಳಲ್ಲಿ ಈ ಬ್ಯಾಗಿಗೆ ಅರ್ಥ ಇದೆ. ಗಟ್ಟಿ ಫ್ರೇಮು, ಫ್ರೇಮಿಗೂ ಚೀಲಕ್ಕೂ ನಡುವೆ ಮಾಂಸ ಕಟ್ಟಿ ಹೊರೋಕೆ ಜಾಗ, ಪಕ್ಕದಲ್ಲಿ ಬಂದೂಕೋ ಬಿಲ್ಲೋ ಸಿಕ್ಕಿಸುವ ಪಟ್ಟಿ. ಅದೆಲ್ಲ ಸೇರಿ ಖಾಲಿ ಬ್ಯಾಗೇ ಎರಡು ಮೂರು ಕೆಜಿ ತೂಗುತ್ತೆ. ಚಿತ್ರಾನ್ನದ ಡಬ್ಬಿ ಹೊರೋಕೆ ಅಷ್ಟೆಲ್ಲ ಯಾಕೆ?

ಮಿಲಿಟರಿ ಬಣ್ಣದಿಂದ ಇನ್ನೊಂದು ತಲೆನೋವೂ ಇದೆ. ಒಮ್ಮೆ ಅರಣ್ಯದ ಚೆಕ್‌ಪೋಸ್ಟ್ ಒಂದರಲ್ಲಿ ನಮ್ಮ ಐದು ಜನರ ಪೈಕಿ ಅಂಥ ಬ್ಯಾಗ್ ಹಾಕಿದ್ದ ಗೆಳೆಯನದ್ದನ್ನು ಮಾತ್ರ ತಳದವರೆಗೆ ಬಿಚ್ಚಿಸಿದರು. ಅವರ ತಪ್ಪಲ್ಲ, ಅವರ ಕೆಲಸ ಅದು. ಆದರೆ ಬೇಟೆ ಬ್ಯಾಗಿನಿಂದ ಕಲಿಯೋಕೆ ಒಂದು ಸಂಗತಿ ಇದೆ, ಅದು ಬಟ್ಟೆ. ಒಳ್ಳೆಯ ಬೇಟೆ ಬ್ಯಾಗಿನ ಬಟ್ಟೆ ಕೊಂಬೆಗೆ ಉಜ್ಜಿದರೂ ಸದ್ದು ಮಾಡುವುದಿಲ್ಲ. ಮಂಡಗದ್ದೆ, ಗುಡವಿ ಕಡೆ ಹಕ್ಕಿ ನೋಡೋಕೆ ಹೋಗುವವರಿಗೆ ಇದು ನಿಜಕ್ಕೂ ಬೇಕು. ಅಂಗಡಿಯಲ್ಲಿ ಬ್ಯಾಗಿನ ಮೇಲೆ ಉಗುರಿನಿಂದ ಗೀರಿ ನೋಡಿ. ಚಿಪ್ಸ್ ಪೊಟ್ಟಣದ ಥರ ಚರಚರ ಅಂದರೆ ಬಿಟ್ಟುಬಿಡಿ. ಬೆಲ್ಟಿನ ವೆಲ್ಕ್ರೋ ಕೂಡ ಹಾಗೇ, ಕಿತ್ತಾಗ ಬರುವ ಸದ್ದಿಗೆ ಇಡೀ ಮರದ ಹಕ್ಕಿ ಖಾಲಿ.

ಈಗ ಅಳತೆಗೆ ಬರೋಣ. ಕೊಡಚಾದ್ರಿ 1343 ಮೀಟರ್. ಅದಾಗಲಿ, ಆಗುಂಬೆ ಪಕ್ಕದ ಕುಂದಾದ್ರಿಯಾಗಲಿ, ಕಿಗ್ಗದ ಮೇಲಿನ ನರಸಿಂಹ ಪರ್ವತವಾಗಲಿ, ಬೆಳಿಗ್ಗೆ ಹೊರಟರೆ ಸಂಜೆಗೆ ಇಳಿಯಬಹುದು. ಇದಕ್ಕೆಲ್ಲ 20ರಿಂದ 25 ಲೀಟರ್ ಬ್ಯಾಗ್ ಧಾರಾಳ ಸಾಕು. ಮಳೆಗಾಲದಲ್ಲಿ ಒಂದು ಜೊತೆ ಒಣ ಬಟ್ಟೆ ಸೇರುತ್ತೆ, ಕ್ಯಾಮೆರಾ ಇದ್ದರೆ ಅದೂ ಸೇರುತ್ತೆ. ಆಗ 28–30 ಲೀಟರ್. ಅದಕ್ಕಿಂತ ದೊಡ್ಡದು ಬೇಡ, ಯಾಕಂದರೆ ಜಾಗ ಇದ್ದಷ್ಟೂ ನಾವು ತುಂಬುತ್ತೇವೆ. ಲೆಕ್ಕ ಹಾಕಿ ನೋಡಿ: ಎರಡು ಲೀಟರ್ ನೀರು ಅಂದರೆ ಎರಡು ಕೆಜಿ, ಬ್ಯಾಗು ಮುಕ್ಕಾಲು ಕೆಜಿ, ಊಟ, ಮಳೆ ಕೋಟು, ಟಾರ್ಚು, ಔಷಧಿ ಎಲ್ಲ ಸೇರಿ ಇನ್ನೆರಡು. ಐದು ಕೆಜಿ ಆಸುಪಾಸು. ಒಂದು ದಿನದ ನಡಿಗೆಗೆ ನಿಮ್ಮ ತೂಕದ ಹತ್ತನೇ ಒಂದು ಭಾಗ ದಾಟದಿದ್ದರೆ ಮೊಣಕಾಲು ನಿಮ್ಮನ್ನು ಬೈಯುವುದಿಲ್ಲ, ವಿಶೇಷವಾಗಿ ಇಳಿಯುವಾಗ.

ಕಾಲೇಜ್ ಬ್ಯಾಗೇ ಸಾಕಲ್ವಾ ಅಂತ ಕೇಳುತ್ತಾರೆ. ಕುಂದಾದ್ರಿಗೆ ಸಾಕು, ಅಲ್ಲಿಗೆ ರಸ್ತೆಯೇ ಇದೆ. ಆದರೆ ಕೊಡಚಾದ್ರಿಯನ್ನು ಹಿಡ್ಲುಮನೆ ಅಬ್ಬಿ ಕಡೆಯಿಂದ ಹತ್ತಿ ನೋಡಿ. ಅಲ್ಲಿ ಕೈಯೂರಿ ಬಂಡೆ ಏರಬೇಕು. ಎದೆಪಟ್ಟಿ ಇಲ್ಲದ ಬ್ಯಾಗು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಜಾರಿ, ಒದ್ದೆ ಬಂಡೆ ಮೇಲೆ ನಿಮ್ಮ ಜೊತೆ ಕುಸ್ತಿಗೆ ಬೀಳುತ್ತೆ.

ಬ್ಯಾಗು ಮೈಗೆ ಒಗ್ಗುತ್ತಾ ಅಂತ ನೋಡೋದು ಹೇಗೆ? ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬುತ್ತಲ್ಲ, ಅಲ್ಲಿಂದ ಸೊಂಟದ ಮೂಳೆಯ ಮೇಲ್ತುದಿಯ ನೇರದವರೆಗೆ ಟೇಪ್ ಹಿಡಿಯಿರಿ. ಅದು ನಿಮ್ಮ ಬೆನ್ನಿನ ಉದ್ದ. ಆರಡಿ ಆಳಿಗೂ ಗಿಡ್ಡ ಬೆನ್ನು ಇರಬಹುದು, ಎತ್ತರ ನೋಡಿ ಬ್ಯಾಗ್ ಕೊಟ್ಟರೆ ಒಪ್ಪಬೇಡಿ. ಆಮೇಲೆ ಅಂಗಡಿಯವರಿಗೆ ಬೇಜಾರಾದರೂ ಪರವಾಗಿಲ್ಲ, ಐದು ಕೆಜಿ ಏನಾದರೂ ತುಂಬಿಸಿ ಹಾಕಿಕೊಳ್ಳಿ. ನಾನಂತೂ ಒಂದು ಸಲ ಪಕ್ಕದ ದಿನಸಿ ಅಂಗಡಿಯಿಂದ ಐದು ಕೆಜಿ ಅಕ್ಕಿ ಕೊಂಡುಕೊಂಡೇ ಬ್ಯಾಗ್ ಅಂಗಡಿಗೆ ಹೋಗಿದ್ದೆ, ಹೇಗೂ ಮನೆಗೆ ಅಕ್ಕಿ ಬೇಕಿತ್ತು. ಖಾಲಿ ಬ್ಯಾಗ್ ಯಾರ ಬೆನ್ನಿಗೆ ಬೇಕಾದರೂ ಹಿತವಾಗಿರುತ್ತೆ. ತೂಕ ಬಿದ್ದಾಗ ಸೊಂಟದ ಬೆಲ್ಟು ಹೊಟ್ಟೆ ಮೇಲೆ ಬರದೆ ಸೊಂಟದ ಮೂಳೆ ಮೇಲೆ ಕೂರಬೇಕು, ಹೆಗಲಪಟ್ಟಿ ಕುತ್ತಿಗೆ ಕಚ್ಚಬಾರದು, ಮೇಲೆ ನೋಡಿದರೆ ತಲೆ ಬ್ಯಾಗಿಗೆ ತಾಗಬಾರದು. ಅಂಗಡಿಯಲ್ಲೇ ಹತ್ತು ನಿಮಿಷ ಓಡಾಡಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ, ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳಿ. ಬಗ್ಗಿದಾಗ ಪಕ್ಕದ ಜೇಬಿನಿಂದ ಬಾಟಲಿ ಬಿತ್ತಾ? ಹಾಗಾದರೆ ಕಾಡಿನಲ್ಲಿ ಬಿದಿರಿನ ಅಡಿ ನುಸುಳುವಾಗ ಹತ್ತು ಸಲ ಬೀಳುತ್ತೆ. 20 ಲೀಟರಿನ ಬ್ಯಾಗಿಗೆ ದಪ್ಪ ಸೊಂಟದ ಬೆಲ್ಟು ಬೇಕಿಲ್ಲ, ಅಲುಗಾಡದಂತೆ ಹಿಡಿಯುವ ಸಣ್ಣ ಪಟ್ಟಿ ಸಾಕು. 30ಕ್ಕೆ ಹೋದರೆ ಮೆತ್ತೆ ಇರುವ ಬೆಲ್ಟು ಇರಲಿ.

ಇನ್ನು ಮಳೆ. ಶಿವಮೊಗ್ಗದಿಂದ ನೂರು ಕಿಲೋಮೀಟರ್ ಒಳಗಿರುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತೆ. ಅಂಥ ಮಳೆಗೆ ‘ವಾಟರ್‌ಪ್ರೂಫ್’ ಅನ್ನೋ ಚೀಟಿ ಲೆಕ್ಕಕ್ಕೇ ಇಲ್ಲ. ಬಟ್ಟೆ ನೀರು ತಡೆದರೂ ಹೊಲಿಗೆಯ ತೂತು, ಜಿಪ್ಪು ತಡೆಯುವುದಿಲ್ಲ. ಜೊತೆಗೆ ಬರುವ ರೇನ್ ಕವರ್ ಹೊರಗಿನ ಮೂರು ಬದಿ ಮುಚ್ಚುತ್ತೆ, ಬೆನ್ನಿನ ಬದಿ ಪೂರ್ತಿ ತೆರೆದಿರುತ್ತೆ. ನಿಮ್ಮ ಕುತ್ತಿಗೆಯಿಂದ ಇಳಿದ ನೀರು ಬೆನ್ನಿನ ಮೂಲಕ ನೇರ ಬ್ಯಾಗಿನೊಳಕ್ಕೆ. ನನ್ನ ಮೊದಲ ಬ್ಯಾಗಿನ ಕವರು ಕೊಡಚಾದ್ರಿಯ ಸರ್ವಜ್ಞ ಪೀಠದ ಹತ್ತಿರದ ಗಾಳಿಗೆ ಗಾಳಿಪಟವಾಗಿ ಹಾರಿಹೋಯಿತು, ನಾವೆಲ್ಲ ಅದಕ್ಕೆ ಟಾಟಾ ಮಾಡುತ್ತ ನಿಂತೆವು. ಕವರನ್ನು ಬ್ಯಾಗಿಗೆ ದಾರದಲ್ಲಿ ಕಟ್ಟುವ ಹಾಗಿರಬೇಕು, ತಳದಲ್ಲಿ ನೀರು ಇಳಿಯೋಕೆ ಒಂದು ತೂತು ಇರಬೇಕು. ಇಲ್ಲದಿದ್ದರೆ ಕವರೇ ಕೊಡಪಾನ ಆಗುತ್ತೆ.

ನಿಜವಾಗಿ ಕಾಪಾಡೋದು ಒಳಗಿನ ಚೀಲ. ಬ್ಯಾಗಿನೊಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ, ಎಲ್ಲವನ್ನೂ ಅದರಲ್ಲಿ ಹಾಕಿ, ಬಾಯಿ ತಿರುಚಿ ಮಡಚಿಬಿಡಿ. ಟ್ರೆಕ್ಕಿಂಗ್ ಅಂಗಡಿಯಲ್ಲಿ ಡ್ರೈ ಬ್ಯಾಗ್ ಅಂತ ಸಿಗುತ್ತೆ, ಒಳ್ಳೆಯದೇ. ತೋಟ ಇರುವವರ ಮನೆಯಲ್ಲಿ ಗೊಬ್ಬರದ ಚೀಲದ ಒಳಪದರ ಬಿದ್ದಿರುತ್ತಲ್ಲ, ಅದನ್ನು ಮೂರು ನಾಲ್ಕು ಸಲ ಚೆನ್ನಾಗಿ ತೊಳೆದು ಒಣಗಿಸಿದರೆ ಅದೂ ಅಷ್ಟೇ ಕೆಲಸ ಮಾಡುತ್ತೆ. ಊಟದ ಡಬ್ಬಿ ಮಾತ್ರ ಅದರಿಂದ ದೂರ ಇಡಿ. ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿಕೊಂಡು ಗದ್ದೆ ನಾಟಿ ಮಾಡಿದವರು ನಾವು, ಇದರಲ್ಲಿ ನಾಚಿಕೆ ಏನೂ ಇಲ್ಲ. ಈ ಒಳಚೀಲ ಇದ್ದರೆ ರೇನ್ ಕವರ್ ಬರೀ ಭಾರ ತಡೆಯೋಕೆ, ಅಂದರೆ ಬ್ಯಾಗಿನ ಬಟ್ಟೆ ನೀರು ಕುಡಿದು ತೂಕ ಆಗದ ಹಾಗೆ. ಕವರ್ ಮಾತ್ರ ಕಿತ್ತಳೆಯೋ ಹಳದಿಯೋ ಇರಲಿ. ಮಂಜು ಕವಿದಾಗ ಹತ್ತು ಹೆಜ್ಜೆ ಮುಂದಿನವರೂ ಕಾಣುವುದಿಲ್ಲ.

ಬಟ್ಟೆಯ ವಿಷಯದಲ್ಲಿ ‘ಡಿ’ ಅಂತ ಒಂದು ಅಂಕಿ ನೋಡುತ್ತೀರಿ, 210ಡಿ, 420ಡಿ, 600ಡಿ. ಅದು ಡೆನಿಯರ್, 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ಅಂಕಿ ಜಾಸ್ತಿ ಅಂದರೆ ನೂಲು ದಪ್ಪ. ಆದರೆ 210ರ ನೈಲಾನು ಅಗ್ಗದ 600ರ ಪಾಲಿಯೆಸ್ಟರಿಗಿಂತ ಬಾಳಿಕೆ ಬಂದದ್ದನ್ನು ನೋಡಿದ್ದೇನೆ. ಬೆತ್ತದ ಮುಳ್ಳು, ಲಂಟಾನಾ ಪೊದೆ ಇರುವ ನಮ್ಮ ದಾರಿಗೆ 210ರಿಂದ 420ರ ನೈಲಾನು, ತಳ ಮಾತ್ರ ಇನ್ನೂ ದಪ್ಪ ಇದ್ದರೆ ಒಳ್ಳೆಯದು. ಕ್ಯಾನ್ವಾಸ್ ಬ್ಯಾಗ್ ಫೋಟೋಗೆ ಸೊಗಸು, ಜುಲೈನಲ್ಲಿ ಕಂಬಳಿಯ ಹಾಗೆ ನೀರು ಕುಡಿದು ವಾರಗಟ್ಟಲೆ ಒಣಗದೆ ಕೂರುತ್ತೆ. ಒಳಗೆ ದಪ್ಪ ಸ್ಪಂಜು ತುಂಬಿದ ಬೆನ್ನುಮೆತ್ತೆಯದೂ ಅದೇ ಕಥೆ. ಬಲೆಯ ಹಾಗೆ ಎಳೆದು ಕಟ್ಟಿದ ಬೆನ್ನಿನ ಬ್ಯಾಗು ಬೆವರಿಗೂ ಒಳ್ಳೆಯದು, ಬೇಗ ಒಣಗುತ್ತೆ ಕೂಡ.

ಮತ್ತೆ ಒಳಮೈ ತಿರುಗಿಸಿ ನೋಡಿ. ನೀರು ತಡೆಯೋಕೆ ಒಳಗೆ ಪಾಲಿಯುರೆಥೇನ್ ಲೇಪ ಬಳಿದಿರುತ್ತಾರೆ. ನಮ್ಮ ಹವೆಯ ತೇವಕ್ಕೆ ಅದು ನಿಧಾನಕ್ಕೆ ಕರಗಿ ಹಲಸಿನ ಮೇಣದ ಹಾಗೆ ಅಂಟಂಟಾಗುತ್ತೆ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಉದುರುತ್ತೆ. ನನ್ನ ಮೂರು ಬ್ಯಾಗಿನಲ್ಲಿ ಎರಡು ಹೋದದ್ದು ಇದರಿಂದಲೇ. ರಿಯಾಯಿತಿಯಲ್ಲಿ ಸಿಗುವ ಹಳೇ ಸ್ಟಾಕ್ ಬ್ಯಾಗನ್ನು ಕೊಳ್ಳುವ ಮುಂಚೆ ಒಳಗೆ ಕೈ ಆಡಿಸಿ, ಮೂಗು ಹಾಕಿ ಮೂಸಿ. ಕೈಗೆ ಅಂಟಿದರೆ, ಹುಳಿ ವಾಸನೆ ಬಂದರೆ ಅರ್ಧ ಬೆಲೆಗೂ ಬೇಡ.

ಇನ್ನು ಉಂಬಳ, ಅಂದರೆ ಕಾಡಿನ ಜಿಗಣೆ. ಬ್ಯಾಗ್ ನೆಲಕ್ಕಿಟ್ಟು ಐದು ನಿಮಿಷ ಕೂತರೆ ಸಾಕು, ನಿಮಗಿಂತ ಮೊದಲು ಅವು ಬ್ಯಾಗ್ ಏರುತ್ತವೆ, ಆಮೇಲೆ ಬ್ಯಾಗಿನಿಂದ ಕುತ್ತಿಗೆಗೆ. ಹೊರಗೆ ನೇತಾಡುವ ಪಟ್ಟಿ, ಬಲೆ ಜೇಬು ಜಾಸ್ತಿ ಇದ್ದಷ್ಟೂ ಅವಕ್ಕೆ ಅಡಗೋಕೆ ಜಾಗ. ಹೊರಮೈ ಸರಳವಾಗಿರುವ, ಮೇಲೆ ಗಟ್ಟಿ ಕುಣಿಕೆ ಇರುವ ಬ್ಯಾಗ್ ಆರಿಸಿ, ಕೂರುವಾಗ ಕೊಂಬೆಗೆ ನೇತು ಹಾಕಿ. ಉಪ್ಪಿನ ಗಂಟು, ಹೊಗೆಸೊಪ್ಪು ಕೈಗೆ ಸಿಗುವ ಜೇಬಿನಲ್ಲಿರಲಿ.

ಉಂಬಳ ಬರೀ ರಕ್ತ ಕುಡಿದು ಹೋಗುತ್ತೆ. ಬೇಸಿಗೆಯ ಉಣ್ಣೆ ಹುಳ ಹಾಗಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡೋದು ಉಣ್ಣೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಮರಿ ಉಣ್ಣೆ ಸಾಸಿವೆ ಕಾಳಿಗಿಂತ ಚಿಕ್ಕದು, ಕಪ್ಪು ಬ್ಯಾಗಿನ ಮೇಲೆ ಕಾಣುವುದೇ ಇಲ್ಲ. ಅದಕ್ಕೇ ನಾನು ಬೂದಿ ಬಣ್ಣ, ತಿಳಿ ಮಣ್ಣಿನ ಬಣ್ಣ ಅನ್ನೋದು. ಒಣಗಿದ ತರಗೆಲೆ ಮೇಲೆ ಬ್ಯಾಗ್ ಇಡಬೇಡಿ, ಮನೆಗೆ ಬಂದ ಕೂಡಲೇ ಅದನ್ನು ಹಾಸಿಗೆ ಮೇಲೆ ಎಸೆಯಬೇಡಿ, ಅಂಗಳದಲ್ಲೇ ಕೊಡವಿ ಒಳಗೆ ತನ್ನಿ. ಮಂಗ ಸತ್ತ ಸುದ್ದಿ ಬಂದ ಕಾಡಿಗೆ ಆ ವರ್ಷ ಹೋಗಲೇಬೇಡಿ, ಬ್ಯಾಗ್ ಎಷ್ಟೇ ಚೆನ್ನಾಗಿರಲಿ.

ಜಿಪ್ಪು ದಪ್ಪ ಹಲ್ಲಿನದ್ದಿರಲಿ, ಒಂದೇ ಕೈಯಲ್ಲಿ ಎಳೆದರೆ ಓಡಬೇಕು. ಹೆಗಲಪಟ್ಟಿ ಬ್ಯಾಗಿಗೆ ಸೇರುವಲ್ಲಿ ಹೊಲಿಗೆ ಹಿಂದೆ ಮುಂದೆ ಒತ್ತಾಗಿ ಹಾಕಿದ್ದಾರಾ ನೋಡಿ, ಬ್ಯಾಗ್ ಹರಿಯೋದು ಅಲ್ಲೇ. ನಳಿಕೆ ಬಾಯಿಗಿಟ್ಟು ಹೀರುವ ನೀರಿನ ಚೀಲ ನನಗೆ ಹಿಡಿಸಲಿಲ್ಲ, ಮಳೆಗಾಲದಲ್ಲಿ ನಳಿಕೆಯೊಳಗೆ ಬೂಷ್ಟು ಹಿಡಿಯುತ್ತೆ. ಎರಡು ಸ್ಟೀಲ್ ಬಾಟಲಿ ಸಾಕು. ಕಾಡಿನ ಗೇಟಿನಲ್ಲಿ ಪ್ಲಾಸ್ಟಿಕ್ ಇದೆಯಾ ಅಂತ ಬ್ಯಾಗ್ ತೆರೆಸುತ್ತಾರೆ, ಸ್ಟೀಲ್ ಇದ್ದರೆ ಆ ಕಿರಿಕಿರಿಯೂ ಇಲ್ಲ. ನಿಮ್ಮ ಊಟದ ಡಬ್ಬಿಯನ್ನೂ ಅಂಗಡಿಗೆ ಒಯ್ದು ನೆಟ್ಟಗೆ ಕೂರುತ್ತಾ ನೋಡಿ. ಅಡ್ಡ ಮಲಗಿದ ಡಬ್ಬಿಯಿಂದ ಮಿಡಿ ಉಪ್ಪಿನಕಾಯಿಯ ರಸ ಸೋರಿದರೆ ಆ ವಾಸನೆ ಮುಂದಿನ ದಸರಾ ತನಕ ಹೋಗುವುದಿಲ್ಲ, ಅನುಭವದ ಮಾತು.

ದುಡ್ಡು ಎಷ್ಟು? ವರ್ಷಕ್ಕೆ ಒಂದೆರಡು ಸಲ ಹೋಗುವವರಾದರೆ ಡೆಕಾಥ್ಲಾನಿನ ಕಡಿಮೆ ಬೆಲೆಯ 20 ಲೀಟರ್ ಬ್ಯಾಗಿಗೆ ಒಂದು ಒಳಚೀಲ ಸೇರಿಸಿಕೊಂಡು ಸುಮ್ನೆ ಹೊರಡಿ. ತಿಂಗಳಿಗೊಮ್ಮೆ ಹೋಗುವವರು ಎರಡರಿಂದ ನಾಲ್ಕು ಸಾವಿರದ ಒಳಗೆ ನೋಡಿ. ವೈಲ್ಡ್‌ಕ್ರಾಫ್ಟ್ ನಮ್ಮ ಬೆಂಗಳೂರಿನದ್ದೇ, ಆದರೆ ಅವರಲ್ಲೂ ಕಾಲೇಜ್ ಬ್ಯಾಗ್ ಬೇರೆ, ಗುಡ್ಡದ ಬ್ಯಾಗ್ ಬೇರೆ, ಹೆಸರು ನೋಡಿ ಮೋಸ ಹೋಗಬೇಡಿ. ಡಾಯ್ಟರ್, ಆಸ್ಪ್ರೇಯಂಥವು ಬೆನ್ನಿಗೆ ಹಿತ, ಜೇಬಿಗೆ ಭಾರ. ಆನ್‌ಲೈನಿನಲ್ಲಿ ತರಿಸಿದರೆ ಚೀಟಿ ಕೀಳದೆ ಮನೆಯೊಳಗೇ ಅಕ್ಕಿ ತುಂಬಿ ಅರ್ಧ ಗಂಟೆ ಓಡಾಡಿ, ಒಗ್ಗದಿದ್ದರೆ ವಾಪಸ್. ಬಕಲ್ ಮುರಿದರೆ, ಪಟ್ಟಿ ಕಿತ್ತರೆ ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಚೀಲ ಹೊಲಿಯುವವರ ಹತ್ತಿರ ಒಯ್ಯಿರಿ, ಹೊಸದು ಕೊಳ್ಳೋಕೆ ಓಡಬೇಡಿ.

ಕೊಂಡಾದ ಮೇಲೆ ಮಾಡಬೇಕಾದ್ದು ಕಡಿಮೆ. ಒದ್ದೆಯಾಗಿ ಬಂದರೆ ಅವತ್ತೇ ಎಲ್ಲ ಜಿಪ್ಪು ತೆರೆದು, ತಲೆಕೆಳಗೆ ಮಾಡಿ, ಗಾಳಿಯಾಡುವ ಕಡೆ ನೇತುಹಾಕಿ. ಬಚ್ಚಲ ಒಲೆ ಹತ್ತಿರ ಕಟ್ಟಬಹುದು, ಆದರೆ ಕೈಗೆ ಬಿಸಿ ತಾಗದಷ್ಟು ದೂರ. ಒಲೆಯ ಮೇಲೇ ಕಟ್ಟಿ ಒಂದು ಹೆಗಲಪಟ್ಟಿ ಕರಗಿಸಿದವರು ನಮ್ಮ ಮನೆಯಲ್ಲೇ ಇದ್ದಾರೆ. ವಾಷಿಂಗ್ ಮಷೀನಿಗೆ ಹಾಕಬೇಡಿ, ಲೇಪ ಕಿತ್ತು ಬರುತ್ತೆ. ತಣ್ಣೀರು, ಸ್ವಲ್ಪ ಸೋಪು, ಹಳೇ ಬ್ರಷ್ ಸಾಕು. ಮತ್ತೆ ಎತ್ತಿಡುವ ಮುಂಚೆ ಎಲ್ಲ ಜೇಬಿಗೂ ಕೈ ಹಾಕಿ ನೋಡಿ. ಈಗಿನ ನನ್ನ ಬ್ಯಾಗಿನ ಮುಂದಿನ ಜೇಬಿನಲ್ಲಿ ಒಂದು ತುಂಡು ಶೇಂಗಾ ಚಿಕ್ಕಿ ಮರೆತಿದ್ದೆ. ಇಲಿ ಜಿಪ್ಪು ಎಳೆಯುವ ಕಷ್ಟ ತಗೊಳ್ಳಲಿಲ್ಲ, ನೇರ ಬಟ್ಟೆಯಿಂದಲೇ ಒಳಗೆ ಹೋಗಿತ್ತು.