ಟ್ಯೂಬಿಗೆ ಬಗ್ಗದ ಕೆಚ್ಚಲು ಬಾವು: ನನ್ನ ಕೊಟ್ಟಿಗೆಯಲ್ಲಿ ಗೆದ್ದ ದಾರಿ

ಮೊಲೆಯೊಳಗೆ ಬಿಡುವ ಔಷಧಿ ಟ್ಯೂಬ್ ಮೂರು ಬಿಟ್ಟ ಮೇಲೂ ಹಾಲು ನೀರಾಗಿ, ಗರಣೆ ಬರುತ್ತಲೇ ಇದ್ದರೆ ನಾಲ್ಕನೆಯದು ತರಬೇಡಿ. ಅದು ಪ್ರೊಟೊಥೀಕಾ ಇರಬಹುದು. ಹಸಿರು ಕಳೆದುಕೊಂಡ ಪಾಚಿ ಅದು. ಬ್ಯಾಕ್ಟೀರಿಯಾಕ್ಕೆ ಮಾಡಿದ ಔಷಧಿ ಪಾಚಿಗೆ ನಾಟುವುದಿಲ್ಲ. 1952ರಲ್ಲೇ ಜರ್ಮನಿಯಲ್ಲಿ ಇದನ್ನು ಹಸುವಿನ ಕೆಚ್ಚಲಲ್ಲಿ ಕಂಡಿದ್ದರು.

ನಮ್ಮದು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲು. ನಾಲೆಗೆ ನೀರು ಬಿಟ್ಟರೆ ಕೊಟ್ಟಿಗೆಯ ಹಿಂದಿನ ನೆಲ ಒಣಗುವುದೇ ಇಲ್ಲ. ಎಚ್‌ಎಫ್ ಹಸುಗಳಲ್ಲಿ ಮೂರಕ್ಕೆ ಬಾವು ಬಂತು. ಜ್ವರ ಇಲ್ಲ, ಮೇವು ಬಿಡಲಿಲ್ಲ, ಕೆಚ್ಚಲು ಅಷ್ಟು ಊದಲೂ ಇಲ್ಲ. ಹಾಲು ಮಾತ್ರ ಅರ್ಧಕ್ಕೆ ಇಳಿಯಿತು. ಹಾಲಿಗೆ ದ್ರಾವಣ ಬೆರೆಸಿ ಬಾವು ನೋಡುವ ಸಿಎಂಟಿ ಪರೀಕ್ಷೆ ಮಾಡಿದರೆ ಲೋಳೆ. ಟ್ಯೂಬು, ಇಂಜೆಕ್ಷನ್ನು, ಚೆಲ್ಲಿದ ಹಾಲು ಎಲ್ಲ ಸೇರಿ 25 ಸಾವಿರದ ಹತ್ತಿರ ಹೋಯಿತು.

ಮೊದಲ ಲ್ಯಾಬಿನವರು ಬ್ಯಾಕ್ಟೀರಿಯಾ ಇಲ್ಲ ಎಂದರು. ಇನ್ನೊಂದು ಕಡೆ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ ಎಂದರು. ಶಿಲೀಂಧ್ರ ಬೆಳೆಸುವ ಸಬೊರಾಡ್ ಪ್ಲೇಟಿನಲ್ಲಿ ಬೆಳೆಸಿ, ಬಂದದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಎಂದು ಹಠ ಹಿಡಿದೆ. ಯೀಸ್ಟ್ ಆಗಿದ್ದರೆ ಮೊಗ್ಗು ಒಡೆಯಬೇಕು. ಇಲ್ಲಿ ತಾಯಿ ಕೋಶದ ಹೊಟ್ಟೆಯೊಳಗೇ ಮರಿ ಕೋಶಗಳು ತುಂಬಿದ್ದವು. ಆಗ ಗೊತ್ತಾಯಿತು, ಇದು ಪ್ರೊಟೊಥೀಕಾ ಎಂದು.

ಆಮೇಲೆ ದುಡ್ಡನ್ನು ಔಷಧಿಗೆ ಹಾಕಲಿಲ್ಲ, ನೆಲಕ್ಕೆ ಹಾಕಿದೆ. ಹಸು ನಿಲ್ಲುವ ನೆಲ ಒಡೆಸಿ, ಇಳಿಜಾರು ಕೊಟ್ಟು ಗಾರೆ ಹಾಕಿಸಿದೆ. ಗಂಜಲದ ಗುಂಡಿಯನ್ನು ದೂರ ಸಾಗಿಸಿದೆ. ಸುಮಾರು 40 ಸಾವಿರ ಆಯಿತು. 'ಕೆಚ್ಚಲ ಕಾಯಿಲೆಗೆ ಸಿಮೆಂಟಾ?' ಎಂದು ಊರಲ್ಲಿ ಕೇಳದವರಿಲ್ಲ. ಈ ಪಾಚಿ ಇರುವುದೇ ಸಗಣಿ, ಕೆಸರು, ನಿಂತ ನೀರಿನಲ್ಲಿ ಅಲ್ವಾ?

ಬಾವಿನ ಹಸುಗಳನ್ನು ಕೊನೆಗೆ ಕರೆದೆವು, ಹಾಲು ಕರೆಯುವ ಯಂತ್ರದ ಬೇರೆ ಕ್ಲಸ್ಟರಿನಲ್ಲಿ (ಮೊಲೆಗೆ ಹಾಕುವ ಬಟ್ಟಲುಗಳ ಸೆಟ್). ಕರೆದ ಮೇಲೆ ಪ್ರತಿ ಮೊಲೆಯನ್ನೂ ಅಯೋಡಿನ್ ದ್ರಾವಣದಲ್ಲಿ ಅದ್ದುವುದು. ಅದಕ್ಕೆ ನಾನು ಬೆರೆಸುವ ಇನ್ನೊಂದು ವಸ್ತು, ಅದರ ಅಳತೆ ನನ್ನಲ್ಲೇ ಇರಲಿ. ಆ ಹಾಲನ್ನು ಕರುವಿಗೂ ಕೊಡಲಿಲ್ಲ. ಕರು ಕುಡಿದರೆ ಸಗಣಿಯಲ್ಲಿ ಮತ್ತೆ ನೆಲಕ್ಕೇ ಬರುತ್ತದೆ.

ಹೊರದೇಶದವರು ಇಂಥ ಹಸುವನ್ನು ಹಿಂಡಿನಿಂದಲೇ ತೆಗೆಯುತ್ತಾರೆ. ನಮ್ಮಲ್ಲಿ 2020ರ ಗೋಹತ್ಯೆ ತಡೆ ಕಾಯ್ದೆ ಇದೆ, ಕಟುಕರಿಗೆ ಕೊಡುವ ಹಾಗಿಲ್ಲ. ಸಂತೆಗೆ ಹೊಡೆದು ಇನ್ನೊಬ್ಬ ರೈತನ ಕೊಟ್ಟಿಗೆ ಕೆಡಿಸಲು ನನಗೆ ಮನಸ್ಸಿಲ್ಲ. ಕೆಟ್ಟ ಮೊಲೆಯನ್ನು ಡಾಕ್ಟರ್ ಕೈಯಿಂದ ಪೂರ್ತಿ ಬತ್ತಿಸಿದೆ. ಎರಡು ಹಸು ಈಗ ಮೂರೇ ಮೊಲೆಯಲ್ಲಿ ಕರೆಯುತ್ತವೆ. ಮೂರನೆಯದನ್ನು ಕರೆಯದೆ ಬೇರೆ ಕಟ್ಟಿ ಸಾಕುತ್ತಿದ್ದೇನೆ.

ನಡುವೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚಿಯೂ ನೋಡಿದೆ. ಮಾಮೂಲಿ ಬಾವಿಗೆ ನಮ್ಮಲ್ಲಿ ಅದು ಚೆನ್ನಾಗಿ ಹಿಡಿದಿದೆ. ಇದಕ್ಕೆ ಏನೂ ಆಗಲಿಲ್ಲ. ಕಬ್ಬಿನ ತರಗು ಹಾಸಿದೆ, ತೇವ ಹಿಡಿದುಕೊಂಡಿತು, ತೆಗೆದುಬಿಟ್ಟೆ.

ಎರಡು ಮಳೆಗಾಲ ದಾಟಿದೆ, ಹೊಸ ಹಸುವಿಗೆ ಬಂದಿಲ್ಲ. 55 ಲೀಟರಿಗೆ ಇಳಿದಿದ್ದ ದಿನದ ಹಾಲು 85ರ ಆಸುಪಾಸಿಗೆ ಬಂದಿದೆ. ಆಗ ನಕ್ಕವರಲ್ಲಿ ಇಬ್ಬರು ಇಳಿಜಾರಿನ ಅಳತೆ ತೆಗೆದುಕೊಂಡು ಹೋದರು. ಸ್ಯಾಂಪಲ್ ಕಳಿಸುವವರು ಒಂದೇ ಸಲ 'ಇಲ್ಲ' ಎಂದು ಬಂದರೆ ನಂಬಬೇಡಿ. ಇದು ಹಾಲಲ್ಲಿ ಬಿಟ್ಟು ಬಿಟ್ಟು ಬರುತ್ತದೆ, ಮತ್ತೆ ಕಳಿಸಿ.