ಮೊಳಕೆ ಕಟ್ಟದ ಮನೆಯಲ್ಲಿ ಸಸ್ಯಾಹಾರ ಪೂರ್ಣವಾಗುವುದಿಲ್ಲ

ಸಸ್ಯಾಹಾರದಿಂದ ದೇಹಕ್ಕೆ ಬೇಕಾದದ್ದೆಲ್ಲ ದೊರೆಯುತ್ತದೆಯೇ, ಮಾಂಸ ತಿನ್ನುವವರಿಗೆ ಸಿಗುವಷ್ಟು ಪೋಷಣೆ ನಮಗೂ ಸಿಗುತ್ತದೆಯೇ ಎಂದು ನಮ್ಮ ಮನೆಯ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಹಾಗೆ ಕೇಳುವಾಗ ಅವರ ತಟ್ಟೆಯಲ್ಲಿರುವುದು ಬಿಳಿ ಅನ್ನ, ತಳ ಕಾಣುವ ತಿಳಿಸಾರು, ಒಂದು ಹಿಡಿ ಆಲೂಗಡ್ಡೆ ಚಿಪ್ಸು, ಪಕ್ಕದಲ್ಲಿ ಒಂದು ಲೋಟ ಕಾಫಿ. ಇದನ್ನೇ ಸಸ್ಯಾಹಾರವೆಂದು ಕರೆದು, ವರ್ಷವೊಪ್ಪತ್ತಿನಲ್ಲಿ ಸುಸ್ತು, ಕೂದಲುದುರು, ರಕ್ತ ಕಡಿಮೆ ಎಂಬ ವೈದ್ಯರ ಚೀಟಿ ಬಂದಾಗ ತಪ್ಪನ್ನೆಲ್ಲ ಸೊಪ್ಪು ಕಾಳುಗಳ ಮೇಲೆ ಹೊರಿಸುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮಾಂಸವನ್ನು ಬಿಟ್ಟದ್ದರಿಂದ ಯಾರಿಗೂ ರಕ್ತ ಕಡಿಮೆಯಾಗುವುದಿಲ್ಲ, ಬಿಟ್ಟ ಜಾಗಕ್ಕೆ ಏನನ್ನೂ ತಂದಿಡದಿದ್ದರೆ ಆಗುತ್ತದೆ. ಸಸ್ಯಾಹಾರವು ಪೂರ್ಣ ಆಹಾರವಾಗಬಲ್ಲದು, ಆದರೆ ಅದು ತಾನಾಗಿಯೇ ಹಾಗಾಗುವುದಿಲ್ಲ, ಅಡುಗೆಮನೆಯಲ್ಲಿ ಕೈ ಕೆಲಸ ಮಾಡಿದರೆ ಮಾತ್ರ ಆಗುತ್ತದೆ. ಅಮೆರಿಕದ ಆಹಾರತಜ್ಞರ ಸಂಸ್ಥೆಯು 2016ರಲ್ಲಿ ಸಸ್ಯಾಹಾರ ಪೋಷಣೆಗೆ ಸಾಕಾಗುತ್ತದೆ ಎಂದು ಹೇಳಿದಾಗಲೂ, ಅದನ್ನು ಸರಿಯಾಗಿ ಯೋಜಿಸಿಕೊಂಡಿರಬೇಕು ಎಂಬ ಕರಾರನ್ನು ಜೊತೆಯಲ್ಲಿಯೇ ಇಟ್ಟಿತ್ತು.

ಮಾಂಸಾಹಾರದ ವಿಷಯದಲ್ಲಿ ನ್ಯಾಯವಾಗಿ ಮಾತನಾಡಬೇಕು. ಮಾಂಸ, ಮೀನು, ಮೊಟ್ಟೆಗಳಲ್ಲಿ ದೇಹಕ್ಕೆ ಬೇಕಾದ ಅಮೈನೋ ಆಮ್ಲಗಳು, ಎಂದರೆ ಪ್ರೋಟೀನನ್ನು ಕಟ್ಟುವ ತುಣುಕುಗಳು, ಎಲ್ಲ ಒಂದೇ ಕಡೆ ಇರುತ್ತವೆ. ಮಾಂಸದ ಕಬ್ಬಿಣಾಂಶವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಸತು ಚೆನ್ನಾಗಿ ಸಿಗುತ್ತದೆ. ಬಿ12 ಜೀವಸತ್ವಕ್ಕಂತೂ ಚಿಂತೆಯೇ ಇಲ್ಲ. ಆದರೆ ಮಾಂಸದಲ್ಲಿ ನಾರು ಇಲ್ಲ, ಸಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಪಕ್ಕದ ಮನೆಯವರು ಭಾನುವಾರ ಮಟನ್ ಸಾರು ಮಾಡುವವರೇ, ಉಳಿದ ದಿನಗಳಲ್ಲಿ ಅವರ ಮನೆಯಲ್ಲಿ ಮುದ್ದೆ, ಬಸ್ಸಾರು, ಹುರುಳಿಕಾಳು, ಮಸ್ಸೊಪ್ಪು. ಆ ಮನೆಯ ಅಜ್ಜಿಯ ಗಟ್ಟಿತನಕ್ಕೆ ವಾರಕ್ಕೊಮ್ಮೆಯ ಮಟನ್ನಿನಷ್ಟೇ ಆ ಆರು ದಿನಗಳ ಸೊಪ್ಪು ಕಾಳುಗಳೂ ಕಾರಣವೆಂದು ನಾನು ನಂಬಿದ್ದೇನೆ. ದಿನವೂ ಸಾಸೇಜು, ಬೇಕನ್ನು ತಿಂದು ಅದನ್ನೇ ಪ್ರೋಟೀನು ಎನ್ನುವ ಮಕ್ಕಳು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಅಂತಹ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದ್ದನ್ನು ತಿಳಿದಿರಬೇಕು.

ಇನ್ನು ಪ್ರೋಟೀನಿನ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು. ಎಂದರೆ 55 ಕಿಲೋ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ. ರಾಗಿ, ಅಕ್ಕಿ, ಗೋಧಿ ಎಲ್ಲ ಸೇರಿ ದಿನಕ್ಕೆ ಕಾಲು ಕಿಲೋದಷ್ಟು ಹೊಟ್ಟೆಗೆ ಹೋದರೆ ಅದರಿಂದಲೇ 20 ಗ್ರಾಂ ಆಸುಪಾಸು ಬರುತ್ತದೆ. ಎರಡು ಹಿಡಿ ಬೇಳೆ ಅಥವಾ ಕಾಳಿನಿಂದ 14 ಗ್ರಾಂ. ಎರಡು ಲೋಟ ಹಾಲು ಮೊಸರಿನಿಂದ ಉಳಿದದ್ದು. ಲೆಕ್ಕ ಸರಿಹೋಯಿತು, ಡಬ್ಬಿಯ ಪುಡಿಯನ್ನು ಕೊಳ್ಳುವ ಅಗತ್ಯ ಬೀಳಲಿಲ್ಲ. ಧಾನ್ಯಗಳಲ್ಲಿ ಲೈಸೀನು ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನೀನು ಎಂಬ ಇನ್ನೊಂದು ಆಮ್ಲ ಧಾನ್ಯದಲ್ಲಿದೆ. ಬಿಸಿಬೇಳೆಬಾತಿನಲ್ಲೂ ಪೊಂಗಲಿನಲ್ಲೂ ನಮ್ಮ ಹಿರಿಯರು ಈ ಎರಡನ್ನೂ ಒಂದೇ ಪಾತ್ರೆಯಲ್ಲಿ ಸೇರಿಸಿಟ್ಟರು. ಈ ಲೆಕ್ಕವೆಲ್ಲ ಕೆಡುವುದು ಒಂದೇ ಕಡೆ: ಐದು ಮಂದಿಯ ಸಾರಿಗೆ ಒಂದು ಹಿಡಿ ಬೇಳೆ ಹಾಕಿ, ಉಳಿದದ್ದನ್ನು ಹುಣಸೆರಸ ಮತ್ತು ಪುಡಿಯಿಂದ ತೂಗಿಸುವ ಕಡೆ. ಬೇಳೆ ತಲೆಗೊಂದು ಹಿಡಿಯಂತೆ ಬೀಳಬೇಕು, ಅದರ ಜೊತೆಗೆ ಕಾಳಿನ ಪಲ್ಯವೋ ಉಸಲಿಯೋ ಬೇರೆ ಇರಬೇಕು. ಸೊಪ್ಪು ಕಾಳು ಬೇಯಿಸಿದ ನೀರನ್ನು ಸಿಂಕಿಗೆ ಸುರಿಯುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ನೀರಿಗಿಳಿದ ಜೀವಸತ್ವಗಳು ಇರುವುದೇ ಅಲ್ಲಿ, ಬಸ್ಸಾರು ಹುಟ್ಟಿದ್ದೇ ಆ ನೀರಿನಿಂದ.

ಕಬ್ಬಿಣದ ವಿಷಯದಲ್ಲಿ ನಮ್ಮ ಊಟಕ್ಕೆ ನಿಜವಾದ ಕಷ್ಟವಿದೆ. ಮಾಂಸದಲ್ಲಿರುವ ಹೀಮ್ ಕಬ್ಬಿಣದಲ್ಲಿ ಸುಮಾರು ಕಾಲುಭಾಗವನ್ನು ದೇಹ ಹೀರಿಕೊಳ್ಳುತ್ತದೆ. ಸೊಪ್ಪು, ಕಾಳು, ರಾಗಿಗಳ ಕಬ್ಬಿಣದಲ್ಲಿ ಹತ್ತರಲ್ಲಿ ಒಂದು ಪಾಲು ಒಳಸೇರಿದರೆ ಅದೇ ಹೆಚ್ಚು, ಏಕೆಂದರೆ ಕಾಳಿನಲ್ಲಿರುವ ಫೈಟೇಟು ಮತ್ತು ಟ್ಯಾನಿನ್ನು ಎಂಬ ಅಂಶಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸಿಗೆ 19 ಎಂದು ನಮ್ಮ ದೇಶದ ಶಿಫಾರಸು ಇಷ್ಟು ಎತ್ತರದಲ್ಲಿರುವುದು ಈ ಕಾರಣಕ್ಕಾಗಿಯೇ. ಆ ಹಿಡಿತವನ್ನು ಸಡಿಲಿಸುವುದು ಸಿ ಜೀವಸತ್ವ. ನಿಂಬೆಹಣ್ಣನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕೇ ಹೊರತು ಕುದಿಯುವಾಗ ಅಲ್ಲ, ಬಿಸಿಗೆ ಅದರ ಸತ್ವ ನಾಶವಾಗುತ್ತದೆ. ನೆನೆಸಿದ ಹೆಸರುಬೇಳೆಗೆ ನಿಂಬೆ ಹಿಂಡಿದ ಕೋಸಂಬರಿಯನ್ನು ರಾಮನವಮಿಯ ದಿನ ಮಾತ್ರ ನೆನೆಯಬೇಡಿ, ವಾರಕ್ಕೆ ಎರಡು ಮೂರು ಸಲ ಎಲೆಗೆ ಬರಲಿ.

ಕಾಫಿಯೋ, ಅದೊಂದು ದೊಡ್ಡ ಜಗಳ. ದರ್ಶಿನಿಯಲ್ಲಿ ನಿಂತು ಇಡ್ಲಿಯ ಕೊನೆಯ ತುತ್ತಿನ ಜೊತೆಗೇ ಕಾಫಿಯನ್ನು ಇಳಿಸುವುದು ನಮ್ಮ ಬೆಂಗಳೂರಿನ ಅಭ್ಯಾಸ, ನನಗೂ ಕಾಫಿ ಪ್ರಾಣ. ಆದರೆ ಊಟದ ಜೊತೆ ಕುಡಿದ ಕಾಫಿ ಕಬ್ಬಿಣದ ಹೀರುವಿಕೆಯನ್ನು ಮೂರನೆಯ ಒಂದು ಪಾಲಿಗೂ ಹೆಚ್ಚು ತಗ್ಗಿಸುತ್ತದೆ, ಚಹಾ ಅದಕ್ಕಿಂತಲೂ ಹೆಚ್ಚು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ತೊಂದರೆಯಿಲ್ಲ. ಊಟವಾದ ಒಂದು ಗಂಟೆಯ ನಂತರ ಕುಡಿದರೆ ಜೊತೆಯಲ್ಲಿ ಕುಡಿದಷ್ಟೇ ಅಡ್ಡಿ. ಆದ್ದರಿಂದ ಬೆಳಗ್ಗೆ ಎದ್ದೊಡನೆ ಕುಡಿಯಿರಿ, ಆಮೇಲೆ ಸಂಜೆಯವರೆಗೆ ಫಿಲ್ಟರನ್ನು ಮುಟ್ಟಬೇಡಿ.

ಈಗ ನಾನು ಯಾರು ಏನೆಂದರೂ ಬಿಟ್ಟುಕೊಡದ ಕೆಲಸಕ್ಕೆ ಬರುತ್ತೇನೆ, ಅದು ರಾಗಿಗೆ ಮೊಳಕೆ ಕಟ್ಟುವುದು. ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಸುಣ್ಣದಂಶವಿದೆ, ಅಷ್ಟೇ ಹಾಲಿನಲ್ಲಿರುವುದು 120ರ ಸುತ್ತಮುತ್ತ. ಮೊಳಕೆ ಬಂದಾಗ ಕಾಳಿನೊಳಗಿನ ಕಿಣ್ವಗಳು ಎಚ್ಚೆತ್ತು ಫೈಟೇಟನ್ನು ಒಡೆಯುತ್ತವೆ, ಆಗ ಕಬ್ಬಿಣವೂ ಸತುವೂ ದೇಹಕ್ಕೆ ಸುಲಭವಾಗಿ ಒದಗುತ್ತವೆ. ಅಂಗಡಿಯಲ್ಲಿ ಮೊಳಕೆ ರಾಗಿ ಹಿಟ್ಟಿನ ಪೊಟ್ಟಣ ಸಿಗುತ್ತದಲ್ಲ ಅಜ್ಜಿ ಎನ್ನುತ್ತಾರೆ ಮನೆಯ ಮಕ್ಕಳು. ಸಿಗುತ್ತದೆ, ಎಷ್ಟು ಮೊಳಕೆ ಬಂದಿತ್ತು, ಎಷ್ಟು ಉರಿಯಲ್ಲಿ ಹುರಿದರು ಎಂಬುದನ್ನು ಪೊಟ್ಟಣ ಹೇಳುವುದಿಲ್ಲ.

ಚಾಮರಾಜಪೇಟೆಯ ಮನೆಯಲ್ಲಿ ನಮ್ಮ ಅತ್ತೆಯವರು ಇದನ್ನು ನನ್ನ ಕೈಯಿಂದ ಮಾಡಿಸುವಾಗ ಪಕ್ಕದಲ್ಲಿಯೇ ಕುಳಿತಿರುತ್ತಿದ್ದರು. ರಾಗಿಯನ್ನು ಮೊದಲು ಮೊರದಲ್ಲಿ ಕೇರಿ, ಅಗಲವಾದ ಎರಡು ಪಾತ್ರೆಗಳಲ್ಲಿ ಗಾಳಿಸಬೇಕು. ಒಂದರಿಂದ ಇನ್ನೊಂದಕ್ಕೆ ತೇಲಿಸಿ ತೇಲಿಸಿ ಬಗ್ಗಿಸಿದರೆ ಕಲ್ಲು ತಳದಲ್ಲಿಯೇ ನಿಲ್ಲುತ್ತದೆ. ಕೆಂಪು ನೀರು ತಿಳಿಯಾಗುವವರೆಗೆ ತೊಳೆಯುವುದು, ತೇಲಿದ ಜೊಳ್ಳನ್ನೆಲ್ಲ ಚೆಲ್ಲುವುದು, ರಾತ್ರಿಯಿಡೀ ನೆನೆಸುವುದು. ಬೆಳಗ್ಗೆ ನೀರನ್ನು ಪೂರ್ತಿ ಬಸಿದು, ಮುಷ್ಟಿಯಲ್ಲಿ ಹಿಡಿದಾಗ ಕೈ ತೇವವಾಗಬೇಕು, ಆದರೆ ಹನಿ ಬೀಳಬಾರದು. ಹನಿ ಬಿದ್ದರೆ ಕಾಳು ಹುಳಿಯುತ್ತದೆ. ಆಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಗಂಟು ಕಟ್ಟಬೇಕು, ಬಿಗಿದು ಕಟ್ಟಿದರೆ ನಡುವಿನ ಕಾಳಿಗೆ ಗಾಳಿ ಹೋಗದೆ ಮುಗ್ಗಲು ವಾಸನೆ ಬರುತ್ತದೆ. ಆ ಬಟ್ಟೆಯನ್ನು ಪರಿಮಳದ ಸೋಪಿನ ನೀರಿನಲ್ಲಿ ಒಗೆಯಬೇಡಿ, ಬರಿಯ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ.

ಗಂಟನ್ನು ತೂಗುಹಾಕಿ, ಬಟ್ಟೆ ಒಣಗಿದಂತೆ ಕಂಡಾಗ ನೀರನ್ನು ಚಿಮುಕಿಸುತ್ತಿರಬೇಕು. ಏಪ್ರಿಲ್ ತಿಂಗಳಿನಲ್ಲಿ ಒಂದು ದಿನಕ್ಕೇ ಬೆಳ್ಳನೆಯ ಮೊಳಕೆ ಇಣುಕುತ್ತದೆ. ಡಿಸೆಂಬರಿನ ನಮ್ಮೂರಿನ ಚಳಿಗೆ ಎರಡು ದಿನ ಹಿಡಿಯುತ್ತದೆ, ಆಗ ಗಂಟನ್ನು ಒಲೆಯ ಸಮೀಪದ ಗೂಡಿನಲ್ಲಿಡಬೇಕು. ಮೊಳಕೆ ಎಳ್ಳಿನಷ್ಟು ಉದ್ದವಾದ ಕೂಡಲೇ ನಿಲ್ಲಿಸಬೇಕು. ಇನ್ನೂ ಬರಲಿ ಎಂದು ಬಿಟ್ಟರೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತಾಗುತ್ತವೆ, ಹಿಟ್ಟು ಕಹಿಯಾಗುತ್ತದೆ. ಬಿಡಿಸಿದ ಕಾಳನ್ನು ಮಹಡಿಯ ಮೇಲೆ ಬೆಳಗಿನ ಎಳೆಬಿಸಿಲಿನಲ್ಲಿ ಹರಡಿ, ಹಲ್ಲಿಗೆ ಕಟುಂ ಎನ್ನುವವರೆಗೆ ಒಣಗಿಸಿ, ಒಣಗಿದ ಬೇರುಗಳನ್ನು ಅಂಗೈಯಿಂದ ಉಜ್ಜಿ ಕೇರಿ ತೆಗೆಯಿರಿ.

ಹುರಿಯುವುದರಲ್ಲಿ ಎಲ್ಲರೂ ಆತುರ ಮಾಡುತ್ತಾರೆ, ಎಲ್ಲರೂ ಕೆಡಿಸುವುದೂ ಇಲ್ಲಿಯೇ. ದಪ್ಪ ತಳದ ಬಾಣಲೆ, ತೀರ ಸಣ್ಣ ಉರಿ, ಒಂದು ಸಲಕ್ಕೆ ತಳ ಮುಚ್ಚುವಷ್ಟೇ ಕಾಳು, ಕೈ ನಿಲ್ಲಿಸದೆ ತಿರುವುವುದು, ಮೊದಲ ಸುವಾಸನೆ ಮೂಗಿಗೆ ಬಂದೊಡನೆ ಇಳಿಸುವುದು. ಬಣ್ಣ ತಿರುಗುವಷ್ಟು ಹುರಿದರೆ ಪಿಷ್ಟವನ್ನು ಕರಗಿಸುವ ಕಿಣ್ವ ಸತ್ತುಹೋಗುತ್ತದೆ. ಅದು ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮ ಅತ್ತೆಯವರು ಗಂಜಿಯನ್ನು ಸೌಟಿನಿಂದ ಎತ್ತಿ ನೋಡುತ್ತಿದ್ದರು. ಸರಿಯಾದ ಹಿಟ್ಟಿನ ಗಂಜಿ ಕಾಯುತ್ತಾ ಕಾಯುತ್ತಾ ತೆಳುವಾಗಿ ಧಾರೆಯಿಳಿಯುತ್ತದೆ, ಸುಟ್ಟ ಹಿಟ್ಟಿನದು ಗಡ್ಡೆಕಟ್ಟಿ ನಿಲ್ಲುತ್ತದೆ. ತೆಳುವಾದ ಗಂಜಿಗೆ ಇನ್ನೊಂದು ಹಿಡಿ ಹಿಟ್ಟು ಹೆಚ್ಚಾಗಿ ಹಿಡಿಯುತ್ತದೆ, ಎಂದರೆ ಪುಟ್ಟ ಹೊಟ್ಟೆಯ ಮಗುವಿಗೂ ಹಲ್ಲಿಲ್ಲದ ಮುದುಕರಿಗೂ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಸತ್ವ ಹೋಗುತ್ತದೆ.

ಗಿರಣಿಗೆ ಕೊಡುವಾಗ ನಿಂತು ನೋಡಿ, ಮೆಣಸಿನಕಾಯಿಯೋ ಧನಿಯವೋ ಬೀಸಿದ ಬೆನ್ನಿಗೇ ಹಾಕಲು ಬಿಡಬೇಡಿ. ಎಳೆಯ ಮಗುವಿನ ಸರಿಗೆ ಮಾತ್ರ ತೆಳು ಬಟ್ಟೆಯಲ್ಲಿ ಸೋಸಿ. ದೊಡ್ಡವರ ಹಿಟ್ಟನ್ನು ಸೋಸಬಾರದು, ರಾಗಿಯ ಸುಣ್ಣದಂಶ ಹೆಚ್ಚಾಗಿರುವುದು ಹೊರಸಿಪ್ಪೆಯಲ್ಲಿ. ಈ ಹಿಟ್ಟಿನಿಂದ ಮುದ್ದೆ ಕಟ್ಟಲು ಹೋಗಬೇಡಿ, ಅಂಟಂಟಾಗುತ್ತದೆ. ಗಂಜಿ ಕಾಸಿ, ಆರಿಸಿ, ಕಡೆದ ಮಜ್ಜಿಗೆ, ಉಪ್ಪು, ಕರಿಬೇವು ಬೆರೆಸಿ ಕುಡಿಯಿರಿ. ಹೆಸರು, ಹುರುಳಿ, ಅಲಸಂದೆಗಳನ್ನೂ ಹೀಗೆಯೇ ಮೊಳಕೆ ಕಟ್ಟಬಹುದು, ಅವು ಇಷ್ಟೊಂದು ಹಠ ಮಾಡುವುದಿಲ್ಲ.

ಮೀನು ತಿನ್ನುವವರಿಗೆ ನೇರವಾಗಿ ಸಿಗುವ ಒಮೇಗಾ-3 ಕೊಬ್ಬಿನ ಇನ್ನೊಂದು ರೂಪ ಅಗಸೆಬೀಜದಲ್ಲಿದೆ, ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಮೀನಿನ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಧಾರವಾಡದ ಕಡೆಯವರಂತೆ ಅಗಸಿ ಹಿಂಡಿ ಎಂಬ ಚಟ್ನಿಪುಡಿ ಮಾಡಿಟ್ಟುಕೊಳ್ಳಿ, ಪುಡಿ ಮಾಡದ ಬೀಜ ಬಂದ ದಾರಿಯಲ್ಲಿಯೇ ಹೊರಟುಹೋಗುತ್ತದೆ.

ಉಳಿದದ್ದು ಬಿ12, ಇಲ್ಲಿ ಯಾವ ಮೊಳಕೆಯೂ ನಡೆಯುವುದಿಲ್ಲ. ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ಅದು ಇಲ್ಲ. ಇಡ್ಲಿ ಹಿಟ್ಟು ಹುಳಿಯುವಾಗ ಹುಟ್ಟುತ್ತದೆ, ಸ್ಪಿರುಲಿನಾ ಎಂಬ ಪಾಚಿಯಲ್ಲಿದೆ ಎಂಬ ಮಾತುಗಳನ್ನು ನಂಬಿ ಕೂರಬೇಡಿ, ಸ್ಪಿರುಲಿನಾದಲ್ಲಿರುವುದರ ಬಹುಭಾಗ ದೇಹಕ್ಕೆ ಒದಗದ ರೂಪ. ದಿನಕ್ಕೆ ಬೇಕಾದದ್ದು 2.2 ಮೈಕ್ರೊಗ್ರಾಂ, ಹಾಲು ಮೊಸರು ಸೇರಿ ಅರ್ಧ ಲೀಟರಿನಷ್ಟಾದರೆ ಅದರ ಹತ್ತಿರ ಬರುತ್ತದೆ. ಕಾಫಿಗೆ ಬೆರೆಸಿದ ಹಾಲು ಲೆಕ್ಕಕ್ಕೆ ಸಾಲದು. ಪ್ಯಾಕೆಟ್ ಹಾಲನ್ನು ದಿನವಿಡೀ ಮತ್ತೆ ಮತ್ತೆ ಉಕ್ಕಿಸಿದರೆ ಇರುವುದರಲ್ಲಿಯೂ ಒಂದಷ್ಟು ಹೋಗುತ್ತದೆ. ಈ ಕೊರತೆ ಬೇಗ ಕಾಣುವುದಿಲ್ಲ, ಏಕೆಂದರೆ ಯಕೃತ್ತು ವರ್ಷಗಳಿಗಾಗುವಷ್ಟನ್ನು ಕೂಡಿಟ್ಟಿರುತ್ತದೆ. ಸೊಪ್ಪು ಚೆನ್ನಾಗಿ ತಿನ್ನುವವರಲ್ಲಂತೂ ಅದರಲ್ಲಿರುವ ಫೋಲೇಟು ಎಂಬ ಜೀವಸತ್ವ ರಕ್ತದ ದೋಷವನ್ನು ಮುಚ್ಚಿಹಾಕಬಲ್ಲದು, ಒಳಗೆ ನರಗಳು ಕೆಡುತ್ತಿರುತ್ತವೆ. ಅಂಗಾಲು ಜುಮುಗುಟ್ಟುವುದು, ನಾಲಗೆ ಉರಿಯುವುದು, ಮರೆವು ಇವೆಲ್ಲ ಕಂಡರೆ ವಯಸ್ಸಾಯಿತು ಎಂದು ಸುಮ್ಮನಿರದೆ ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ಅರವತ್ತು ದಾಟಿದವರು, ಬಸುರಿಯರು ಇದನ್ನು ವೈದ್ಯರ ಬಳಿ ತಾವಾಗಿಯೇ ಕೇಳಬೇಕು.

ನನ್ನ ತಂಗಿಯ ಮೊಮ್ಮಗಳು ಪ್ರಾಣಿಗಳ ಮೇಲಿನ ಕರುಣೆಯಿಂದ ಹಾಲು ಮೊಸರನ್ನೂ ಬಿಟ್ಟಿದ್ದಾಳೆ. ಅವಳ ಕರುಣೆಯನ್ನು ನಾನು ಗೌರವಿಸುತ್ತೇನೆ, ಆದರೆ ಬಿ12 ಮಾತ್ರೆಯನ್ನು ಮಾತ್ರ ಬಿಡಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ. ಅವಳಂತೆ ಹಾಲನ್ನೂ ಮೊಟ್ಟೆಯನ್ನೂ ಬಿಟ್ಟವರು ವೈದ್ಯರು ಹೇಳಿದ ಪ್ರಮಾಣದ ಮಾತ್ರೆಯನ್ನು ಔಷಧದ ಡಬ್ಬಿಯಲ್ಲಿ ಮುಚ್ಚಿಡದೆ ಉಪ್ಪಿನಕಾಯಿಯ ಜಾಡಿಯ ಪಕ್ಕದಲ್ಲಿಡಿ, ಊಟಕ್ಕೆ ಕುಳಿತಾಗ ಕಣ್ಣಿಗೆ ಬೀಳುತ್ತದೆ.