41 ಯಜಮಾನರಿಗೆ ಒಂದು ಸಂಘ

ಸದಸ್ಯರು ಯಾರೆಂದೇ ಗೊತ್ತಿಲ್ಲದ ಸಂಘಕ್ಕೆ ನಿಯಮಾವಳಿ ಬರೆಯುವ ಕೆಲಸ 2012ರಲ್ಲಿ ನನ್ನ ಪಾಲಿಗೆ ಬಂತು. ಆಗ ನಾನು ಇಂಗ್ಲೆಂಡಿನ ಒಂದು ಪೊಲೀಸ್ ಪ್ರಾಧಿಕಾರದಲ್ಲಿ, ಅಂದರೆ ಪೊಲೀಸರ ಕೆಲಸದ ಮೇಲೆ ಕಣ್ಣಿಡುವ ಸ್ಥಳೀಯ ಸಮಿತಿಯಲ್ಲಿ, ನೀತಿ ಅಧಿಕಾರಿಯಾಗಿದ್ದೆ. ಆ ಪ್ರಾಧಿಕಾರಗಳಿಗೇ ಬೀಗ ಬೀಳುವ ದಿನ ನಿಗದಿಯಾಗಿತ್ತು. ಅವುಗಳ ಜಾಗಕ್ಕೆ ಜನರೇ ಆರಿಸಿದ ಕಮಿಷನರ್‌ಗಳು ಬರಬೇಕು, ಅವರಿಗೆಲ್ಲ ಸೇರಿ ಒಂದು ರಾಷ್ಟ್ರೀಯ ಸಂಘ ಬೇಕು. ಅದನ್ನು ಕಟ್ಟುವ ಸಣ್ಣ ತಂಡಕ್ಕೆ ನನ್ನನ್ನೂ ಹಾಕಿದರು.

ಊರಿಗೆ ಫೋನ್ ಮಾಡಿ ಹೇಳಿದರೆ ಯಾರಿಗೂ ಇದು ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ಬೆಂಗಳೂರಿನ ಪೊಲೀಸ್ ಕಮಿಷನರ್ ಐಪಿಎಸ್ ಅಧಿಕಾರಿ. ಸರ್ಕಾರ ನೇಮಿಸುತ್ತದೆ, ಸರ್ಕಾರವೇ ಎತ್ತಂಗಡಿ ಮಾಡುತ್ತದೆ. ಇಲ್ಲಿನ ಪೊಲೀಸ್ ಅಂಡ್ ಕ್ರೈಮ್ ಕಮಿಷನರ್ ಸಮವಸ್ತ್ರ ತೊಡುವವರಲ್ಲ, ಓಟು ಕೇಳಿ ಗೆದ್ದವರು. ಆ ಪ್ರದೇಶದ ಪೊಲೀಸ್ ಪಡೆಯ ಮುಖ್ಯಸ್ಥರಾದ ಚೀಫ್ ಕಾನ್‌ಸ್ಟೆಬಲ್‌ರನ್ನು ನೇಮಿಸುವವರು ಇವರು, ಕೆಲಸ ಸರಿಬರದಿದ್ದರೆ ಕೆಳಗಿಳಿಸುವವರೂ ಇವರು. ಪೊಲೀಸ್ ಬಜೆಟ್, ಮನೆಗಳ ಮೇಲಿನ ಸ್ಥಳೀಯ ಕೌನ್ಸಿಲ್ ತೆರಿಗೆಯಲ್ಲಿ ಪೊಲೀಸರ ಪಾಲು, ಹಲವು ವರ್ಷಗಳ ಪೊಲೀಸ್ ಯೋಜನೆ, ಎಲ್ಲ ಇವರ ಕೈಯಲ್ಲಿ. ಯಾರನ್ನು ಬಂಧಿಸಬೇಕು, ಯಾವ ಕೇಸು ತನಿಖೆ ಮಾಡಬೇಕು ಎನ್ನುವುದಕ್ಕೆ ಮಾತ್ರ ತಲೆ ಹಾಕುವ ಹಾಗಿಲ್ಲ.

2011ರ ಸೆಪ್ಟೆಂಬರ್‌ನಲ್ಲಿ ಈ ಹುದ್ದೆಯನ್ನು ಸೃಷ್ಟಿಸಿದ ಕಾಯ್ದೆಗೆ ಅಂಕಿತ ಬಿತ್ತು. ಥೆರೇಸಾ ಮೇ ಆಗ ಗೃಹ ಸಚಿವೆ. ಚುನಾವಣೆ 2012ರ ನವೆಂಬರ್ 15ಕ್ಕೆ, ಅಧಿಕಾರ ವಹಿಸಿಕೊಳ್ಳುವುದು 22ಕ್ಕೆ. ಹಳೆಯ ಪ್ರಾಧಿಕಾರಗಳಿಗೆ 1997ರಿಂದ ಒಂದು ಸಂಘ ಇತ್ತು. ಒಂದೊಂದು ಪ್ರಾಧಿಕಾರದಲ್ಲಿ ಸಾಮಾನ್ಯವಾಗಿ 17 ಮಂದಿ, ಕೌನ್ಸಿಲರ್‌ಗಳು ಮತ್ತು ಸ್ವತಂತ್ರ ಸದಸ್ಯರು ಬೆರೆತವರು. ಸಮಿತಿಯಲ್ಲಿ ಕೂತು ರೂಢಿಯಿದ್ದವರಿಗೆ ಸಂಘ ಎನ್ನುವುದು ಇನ್ನೊಂದು ಸಮಿತಿ, ಅಷ್ಟೇ. ಹೊಸಬರು ಹಾಗಿರುವುದಿಲ್ಲ ಎಂದು ನಮಗೆ ಮೊದಲೇ ಗೊತ್ತಿತ್ತು. ಆದ್ದರಿಂದ ಹಳೆಯ ಬೋರ್ಡಿನ ಮೇಲೆ ಹೊಸ ಹೆಸರು ಬರೆಯುವ ಯೋಚನೆಯನ್ನು ಬೇಗ ಕೈಬಿಟ್ಟೆವು.

ಚುನಾವಣೆಗೆ ಮುಂಚೆ ನಾವು ಮಾಡಬಹುದಾಗಿದ್ದದ್ದು ಎರಡೇ ಕೆಲಸ. ಒಂದು, ಕಾನೂನಿನ ಚೌಕಟ್ಟಿನ ಕರಡು. ಇನ್ನೊಂದು, ಅಭ್ಯರ್ಥಿಗಳಿಗೆ ಮಾಹಿತಿ. ಎರಡನೆಯದು ಸೂಕ್ಷ್ಮ. ಮಾಜಿ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ಹಂಬರ್‌ಸೈಡ್‌ನಲ್ಲಿ ನಿಂತಿದ್ದರು. ಬೇರೆ ಕಡೆ ಯಾವ ಪಕ್ಷದ ಬಲವೂ ಇಲ್ಲದ, ಮೊದಲ ಸಲ ಚುನಾವಣೆಗೆ ಇಳಿದವರೂ ಇದ್ದರು. ಇಬ್ಬರಿಗೂ ಒಂದೇ ಟಿಪ್ಪಣಿ, ಒಂದೇ ದಿನ, ಒಂದೇ ಪದಗಳಲ್ಲಿ. ಯಾರಾದರೂ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದರೆ ಅದರ ಉತ್ತರ ಎಲ್ಲರಿಗೂ ಹೋಗಬೇಕು. ಇದರಿಂದ ಕೆಲಸ ಮೂರು ಪಟ್ಟಾಯಿತು, ಗೊಣಗಾಟವೂ ಕೇಳಿಬಂತು. ಆದರೆ ಗೆದ್ದು ಬಂದವರಿಗೆ, ಈ ಕಚೇರಿ ಎದುರಾಳಿಯ ಜೊತೆ ಇತ್ತು ಎಂದು ಅನುಮಾನಿಸಲು ಕಾರಣ ಸಿಗಲಿಲ್ಲ. ಆಮೇಲೆ ಅವರನ್ನು ಬೇಕಾದ್ದನ್ನೆಲ್ಲ ಕೇಳುವ ಧೈರ್ಯ ನಮಗೆ ಬಂದದ್ದು ಇದರಿಂದಲೇ. (ಪ್ರೆಸ್ಕಾಟ್ ಸೋತರು.)

ಫಲಿತಾಂಶದ ದಿನ ಪತ್ರಿಕೆಗಳಿಗೆ ಬೇಕಾಗಿದ್ದದ್ದು ಗೆದ್ದವರ ಹೆಸರಲ್ಲ, ಮತದಾನದ ಪ್ರಮಾಣ. ಸುಮಾರು ಶೇ. 15. ವೇಲ್ಸ್‌ನ ನ್ಯೂಪೋರ್ಟ್‌ನ ಒಂದು ಮತಗಟ್ಟೆಗೆ ದಿನವಿಡೀ ಒಬ್ಬನೇ ಒಬ್ಬ ಮತದಾರ ಬರಲಿಲ್ಲ. ನವೆಂಬರ್‌ನ ಚಳಿ, ಕತ್ತಲು, ಜೊತೆಗೆ ಅಭ್ಯರ್ಥಿಗಳ ವಿವರ ಮನೆಮನೆಗೆ ಅಂಚೆಯಲ್ಲಿ ಕಳಿಸುವುದಿಲ್ಲ, ಅಂತರ್ಜಾಲದಲ್ಲಿ ನೋಡಿಕೊಳ್ಳಿ ಎಂದ ಸರ್ಕಾರ. ನನ್ನ ಮಟ್ಟಿಗೆ ಹೇಳುವುದಾದರೆ ಆ ಅಂಚೆ ಖರ್ಚು ಉಳಿಸಿದ್ದು ಬಲು ದುಬಾರಿ ಉಳಿತಾಯ. ಹೊಸ ಕಮಿಷನರ್‌ಗಳು ವರ್ಷಗಟ್ಟಲೆ ‘ನಿಮಗೆ ಓಟು ಹಾಕಿದವರು ಯಾರು’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇರಬೇಕಾಯಿತು.

ಗೆದ್ದವರು 41: ಕನ್ಸರ್ವೇಟಿವ್ 16, ಲೇಬರ್ 13, ಪಕ್ಷೇತರರು 12. ಮಹಿಳೆಯರು ಆರೇ ಮಂದಿ. ಪಕ್ಷೇತರರ ಸಂಖ್ಯೆ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ನಮ್ಮ ಕರಡಿನಲ್ಲಿ ಪಕ್ಷಗಳ ಗುಂಪಿಗೆ ಜಾಗ ಇತ್ತು. ಪಕ್ಷವೇ ಬೇಡ ಎಂದು ಗೆದ್ದವರನ್ನು ‘ಗುಂಪು’ ಎಂದು ಕರೆದರೆ ಅವರೇ ಒಪ್ಪುತ್ತಿರಲಿಲ್ಲ. ಹಾಗೆಂದು ಗುಂಪಿಲ್ಲದಿದ್ದರೆ ಸಂಘದ ಮಂಡಳಿಯಲ್ಲಿ ಅವರ ದನಿ ಇರುವುದಿಲ್ಲ. ಕೊನೆಗೆ ಅವರೇ ಕೂತು ತಮ್ಮೊಳಗೆ ಒಬ್ಬರನ್ನು ಮುಂದೆ ಮಾಡಿದರು. ಅದನ್ನು ನಾವು ಹೊರಗಿನಿಂದ ನಿರ್ಧರಿಸದೆ ಬಿಟ್ಟದ್ದು ಒಳ್ಳೆಯದಾಯಿತು.

ಮೊದಲ ಚಳಿಗಾಲದಲ್ಲಿ ಸಂಘದ ಮೇಲೆ ನಂಬಿಕೆ ಹುಟ್ಟಿಸಿದ್ದು ದೊಡ್ಡ ಮಾತುಗಳಲ್ಲ, ಒಂದು ಕ್ಯಾಲೆಂಡರ್. ನವೆಂಬರ್ ಕೊನೆಯಲ್ಲಿ ಕುರ್ಚಿಯಲ್ಲಿ ಕೂತ ಮನುಷ್ಯ ಫೆಬ್ರವರಿ 1ರೊಳಗೆ ಪೊಲೀಸ್ ತೆರಿಗೆಯ ಪ್ರಸ್ತಾವವನ್ನು, ಕಮಿಷನರ್ ಮೇಲೆ ಕಣ್ಣಿಡಲು ಇರುವ ಸ್ಥಳೀಯ ಪ್ಯಾನೆಲ್‌ಗೆ ಕೊಡಬೇಕು. ಪ್ಯಾನೆಲ್ 8ರೊಳಗೆ ವರದಿ ಕೊಡುತ್ತದೆ, ಮೂರನೇ ಎರಡು ಭಾಗ ಸದಸ್ಯರು ಸೇರಿದರೆ ವೀಟೋ ಹಾಕಬಹುದು. ವೀಟೋ ಬಿದ್ದರೆ ಪರಿಷ್ಕೃತ ಪ್ರಸ್ತಾವ 15ರೊಳಗೆ, ಅದರ ಮರುಪರಿಶೀಲನೆ 22ರೊಳಗೆ, ಎಲ್ಲ ಮುಗಿದು ಮಾರ್ಚ್ 1ಕ್ಕೆ ತೆರಿಗೆ ನಿಗದಿ. ಮಾರ್ಚ್ 31ರೊಳಗೆ ಪೊಲೀಸ್ ಯೋಜನೆ ಪ್ರಕಟವಾಗಬೇಕು. ನಡುವೆ ಕ್ರಿಸ್‌ಮಸ್. ಇದಿಷ್ಟನ್ನೂ ಒಂದೇ ಹಾಳೆಯ ಮೇಲೆ ಬರೆದು, ಪ್ರತಿ ದಿನಾಂಕದ ಎದುರು ಆ ದಿನ ಯಾರು ಸಹಿ ಹಾಕಬೇಕು, ಯಾರಿಗೆ ಕಳಿಸಬೇಕು ಎಂದು ಸೇರಿಸಿ ಕಳಿಸಿದೆವು. ಒಬ್ಬ ಕಮಿಷನರ್ ಅದನ್ನು ಲ್ಯಾಮಿನೇಟ್ ಮಾಡಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಸಂಘ ಯಾಕೆ ಬೇಕು ಎಂಬ ನಮ್ಮ ಉದ್ದನೆಯ ದಾಖಲೆ ಅವರು ಓದಿದ ಲಕ್ಷಣ ಕಾಣಲಿಲ್ಲ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಸಂಘ ಎಂದ ಮೇಲೆ ಸರ್ಕಾರ ಅದನ್ನೇ ಕೇಳುತ್ತದೆ: ಕಮಿಷನರ್‌ಗಳ ಅಭಿಪ್ರಾಯ ಏನು? ಕಮಿಷನರ್‌ಗಳ ಅಭಿಪ್ರಾಯ ಎನ್ನುವ ವಸ್ತುವೇ ಇರಲಿಲ್ಲ. ಒಬ್ಬೊಬ್ಬರೂ ತಮ್ಮ ಸೀಮೆಯ ಜನರಿಂದ ನೇರವಾಗಿ ಆರಿಸಿ ಬಂದವರು. ಅವರ ಪರವಾಗಿ ಮಾತಾಡಲು ಲಂಡನ್ನಿನ ಒಂದು ಕಚೇರಿಗೆ ಯಾವ ಹಕ್ಕು? ಒಂದು ಸರ್ಕಾರಿ ಸಮಾಲೋಚನೆಗೆ ಉತ್ತರದ ಕರಡು ಕಳಿಸಿದ್ದೆ, ‘ಸಂಘದ ನಿಲುವು ಏನೆಂದರೆ’ ಎಂದು ಶುರುವಾಗಿತ್ತು. ಸಂಜೆಯೊಳಗೆ ಮೂರು ದಿಕ್ಕಿನಿಂದ ಮೂರು ತಿದ್ದುಪಡಿ ಬಂದವು. ಒಬ್ಬರು ವಾಕ್ಯವನ್ನೇ ಹೊಡೆದುಹಾಕಿದ್ದರು. ಇನ್ನೊಬ್ಬರು ‘ಬಹುಪಾಲು’ ಸೇರಿಸಿದ್ದರು. ಮೂರನೆಯವರು, ಬಹುಪಾಲು ಎಂದರೆ ಎಷ್ಟು, ಹೆಸರು ಕೊಡಿ ಎಂದಿದ್ದರು.

ಹಣದ ವಿಷಯದಲ್ಲಂತೂ ಇದು ಅಸಾಧ್ಯವೇ ಆಗಿತ್ತು. ಕೇಂದ್ರದ ಪೊಲೀಸ್ ಅನುದಾನ ಹಂಚಲು ಒಂದು ಸೂತ್ರ ಇದೆ, ಅದರ ಏರಿಳಿತ ತಡೆಯಲು ಡ್ಯಾಂಪಿಂಗ್ ಎಂಬ ತಿದ್ದುಪಡಿ. ಸೂತ್ರದ ಪ್ರಕಾರ ಹೆಚ್ಚು ಸಿಗಬೇಕಿದ್ದವರಿಂದ ತೆಗೆದು, ಕಡಿಮೆ ಸಿಗಬೇಕಿದ್ದವರಿಗೆ ತುಂಬುವುದು. ವೆಸ್ಟ್ ಮಿಡ್‌ಲ್ಯಾಂಡ್ಸ್‌ನವರು ಇದರಿಂದ ಕಳೆದುಕೊಳ್ಳುವವರು, ಅವರ ಕೂಗು ಜೋರು. ಪಡೆಯುವವರು ಬಾಯಿ ಬಿಡುತ್ತಿರಲಿಲ್ಲ. ಹಣಕಾಸು ಆಯೋಗದ ಪಾಲಿನ ಬಗ್ಗೆ ಕರ್ನಾಟಕವೂ ಬಿಹಾರವೂ ಒಂದೇ ಪತ್ರಕ್ಕೆ ಸಹಿ ಹಾಕಬೇಕು ಎಂದರೆ ಹೇಗಿರುತ್ತದೋ ಹಾಗೆ.

ನಾವು ಕಂಡುಕೊಂಡ ದಾರಿ ಇದು: ನಿಲುವು ಹೇಳುವುದನ್ನು ಕಡಿಮೆ ಮಾಡಿ, ಜನರನ್ನು ಮುಂದೆ ಮಾಡುವುದು. ವಿಷಯಕ್ಕೊಬ್ಬ ಕಮಿಷನರ್: ಸಂತ್ರಸ್ತರ ಸೇವೆ, ತಂತ್ರಜ್ಞಾನ, ಹಣಕಾಸು, ಸಿಬ್ಬಂದಿ ಹೀಗೆ. ಸಚಿವರ ಎದುರು ಕೂತಾಗ ಅವರು ತಮ್ಮ ಹೆಸರಿನಲ್ಲೇ ಮಾತಾಡುತ್ತಾರೆ; ಉಳಿದವರಲ್ಲಿ ಎಷ್ಟು ಮಂದಿ ಏನು ಹೇಳಿದ್ದಾರೆ ಎಂಬ ವರದಿ ಕೈಯಲ್ಲಿ ಇಟ್ಟುಕೊಂಡಿರುತ್ತಾರೆ. ಒಪ್ಪದವರು ತಮ್ಮದೇ ಪತ್ರ ಬರೆಯಬಹುದು. ಅದನ್ನು ಬರೆಯಲು ಬೇಕಾದ ಅಂಕಿಅಂಶ ಕೂಡ ನಮ್ಮ ಕಚೇರಿಯೇ ಕೊಡುತ್ತದೆ. ಈ ಕೊನೆಯ ಮಾತು ತಂಡದಲ್ಲೇ ಕೆಲವರಿಗೆ ಹಿಡಿಸಲಿಲ್ಲ. ತನ್ನ ವಿರುದ್ಧದ ಪತ್ರಕ್ಕೆ ತಾನೇ ಸಾಮಗ್ರಿ ಒದಗಿಸುವ ಸಂಘ ಯಾವುದಪ್ಪಾ ಎಂದರು. ನನಗೆ ಅದರಲ್ಲಿ ಎರಡನೇ ಯೋಚನೆ ಬರಲಿಲ್ಲ. ಚಂದಾ ಕೊಡುವವರು ಅವರು, ಅಂಕಿಅಂಶ ಅವರದ್ದು.

ಚಂದಾ ಎಂದಾಗ ನೆನಪಾಯಿತು. ಗ್ರೇಟರ್ ಮ್ಯಾಂಚೆಸ್ಟರ್‌ನ ಜನಸಂಖ್ಯೆ ಆಗ ಸುಮಾರು 27 ಲಕ್ಷ, ವಾರಿಕ್‌ಶೈರ್‌ನದು ಐದೂವರೆ ಲಕ್ಷ. ಆಗ ಕಮಿಷನರ್ ಸಂಬಳವೇ ಪಡೆಯ ಗಾತ್ರಕ್ಕೆ ತಕ್ಕಂತೆ 65,000 ಪೌಂಡ್‌ನಿಂದ ಒಂದು ಲಕ್ಷದವರೆಗೆ. ಎಲ್ಲರೂ ಸಮ ಕೊಡಬೇಕೇ, ಗಾತ್ರ ನೋಡಿ ಕೊಡಬೇಕೇ ಎಂಬ ವಾದವನ್ನು ಇಲ್ಲಿ ಬಿಡಿಸುತ್ತಾ ಕೂರುವುದಿಲ್ಲ. ಯಾವ ಸಂಘದಲ್ಲೂ ಅದು ಹೀಗೇ ನಡೆಯುತ್ತದೆ. ಖಾತರಿಗೆ ಸೀಮಿತವಾದ ಕಂಪನಿಯಾಗಿ ನೋಂದಾಯಿಸಿದ್ದು ಮಾತ್ರ ಹೇಳಬೇಕು. ಷೇರು ಇಲ್ಲ, ಲಾಭ ಹಂಚಿಕೆ ಇಲ್ಲ. ಸಂಘ ತನ್ನ ಹೆಸರಿನಲ್ಲೇ ಕಚೇರಿ ಬಾಡಿಗೆಗೆ ಹಿಡಿಯಬಹುದು, ನೌಕರರನ್ನು ಇಟ್ಟುಕೊಳ್ಳಬಹುದು.

ಸದಸ್ಯತ್ವದ ಷರತ್ತಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕಳೆದೆವು. ಲಂಡನ್ನಿನಲ್ಲಿ ಚುನಾಯಿತ ಕಮಿಷನರ್ ಇಲ್ಲ. 2012ರ ಜನವರಿಯಿಂದ ಆ ಅಧಿಕಾರ ಮೇಯರ್ ಕಚೇರಿಯದು. ಸಿಟಿ ಆಫ್ ಲಂಡನ್ ಎಂಬ ಆ ಪುಟ್ಟ ಚದರ ಮೈಲಿಯಲ್ಲಿ ಪುರಾತನ ಕಾಮನ್ ಕೌನ್ಸಿಲೇ ಪೊಲೀಸ್ ಪ್ರಾಧಿಕಾರ. ಚುನಾಯಿತ ಕಮಿಷನರ್‌ಗಳ ಸಂಘಕ್ಕೆ ಇವರು ಹೇಗೆ ಎಂಬ ಪ್ರಶ್ನೆ ಎದ್ದಿತು. ಪೊಲೀಸರನ್ನು ಪ್ರಶ್ನಿಸುವ ಹೊಣೆ ಯಾರ ಮೇಲಿದೆಯೋ ಅವರೆಲ್ಲ ಒಳಗೆ ಎಂದು ನಾನು ವಾದಿಸಿದೆ. ದೇಶದ ಅತಿ ದೊಡ್ಡ ಪಡೆ ಹೊರಗಿದ್ದರೆ ಗೃಹ ಇಲಾಖೆ ನಮ್ಮನ್ನು ಜಿಲ್ಲಾ ಮಟ್ಟದ ಕೂಟ ಎಂದೇ ನೋಡುತ್ತಿತ್ತು. ಇಬ್ಬರೂ ಸದಸ್ಯರಾದರು. ವೇಲ್ಸ್‌ನ ನಾಲ್ವರಿಗೆ ಬೇರೆ ಚಿಂತೆ: ಅಲ್ಲಿ ಪೊಲೀಸ್ ಇಲಾಖೆ ಲಂಡನ್ ಕೈಯಲ್ಲಿ, ಆರೋಗ್ಯ ಮತ್ತು ಸ್ಥಳೀಯ ಆಡಳಿತ ಕಾರ್ಡಿಫ್‌ನ ವೇಲ್ಸ್ ಸರ್ಕಾರದ ಕೈಯಲ್ಲಿ. ಅವರು ಎರಡೂ ಕಡೆ ಬಾಗಿಲು ತಟ್ಟಬೇಕು, ಪ್ರತಿ ಟಿಪ್ಪಣಿಗೂ ಅವರಿಗಾಗಿ ಒಂದು ಪ್ಯಾರಾ ಬೇಕು.

2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್‌ನ ಟೋನಿ ಲಾಯ್ಡ್ ಅಧ್ಯಕ್ಷರಾದರು. ಅವರು ಲೇಬರ್. ಸಂಸತ್ತಿನಲ್ಲಿ ತಮ್ಮ ಪಕ್ಷದ ಸದಸ್ಯರ ಸಭೆಗೆ ವರ್ಷಗಟ್ಟಲೆ ಅಧ್ಯಕ್ಷರಾಗಿದ್ದವರು, ಜಗಳ ಆಲಿಸುವ ಕಸುಬು ಗೊತ್ತಿತ್ತು. 2014ರಲ್ಲಿ ಎಸೆಕ್ಸ್‌ನ ಕನ್ಸರ್ವೇಟಿವ್ ನಿಕ್ ಆಲ್‌ಸ್ಟನ್ ಬಂದರು. ಕುರ್ಚಿ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಯಿತು, ಕಚೇರಿಯಲ್ಲಿ ಅದೇ ಜನ ಅದೇ ಕೆಲಸ ಮುಂದುವರಿಸಿದರು. ಸಂಘ ನಿಂತಿತು ಎಂದು ನನಗೆ ಅನ್ನಿಸಿದ್ದು ಆಗ. ಅದಾದ ಸ್ವಲ್ಪ ಕಾಲಕ್ಕೆ ನಾನು ಬೇರೆ ಕೆಲಸಕ್ಕೆ ಹೋದೆ.

ಸದಸ್ಯತ್ವದ ಆ ಷರತ್ತು 2017ರಲ್ಲಿ ಮತ್ತೆ ಉಪಯೋಗಕ್ಕೆ ಬಂತು. ಗ್ರೇಟರ್ ಮ್ಯಾಂಚೆಸ್ಟರ್‌ನಲ್ಲಿ ಕಮಿಷನರ್ ಹುದ್ದೆ ಹೋಗಿ ಅಧಿಕಾರ ಮೇಯರ್ ಆ್ಯಂಡಿ ಬರ್ನ್‌ಹ್ಯಾಮ್ ಅವರಿಗೆ ಸೇರಿತು. 2021ರಲ್ಲಿ ವೆಸ್ಟ್ ಯಾರ್ಕ್‌ಶೈರ್‌ನಲ್ಲೂ ಹಾಗೇ ಆಯಿತು. ಲಂಡನ್ನಿನ ಮಾದರಿ ಮೊದಲಿನಿಂದಲೂ ಒಳಗೇ ಇದ್ದುದರಿಂದ ಅವರಿಗೂ ಕುರ್ಚಿ ಸಿದ್ಧವಿತ್ತು. 2025ರ ನವೆಂಬರ್‌ನಲ್ಲಿ ಸರ್ಕಾರ, 2028ರ ಮೇ ತಿಂಗಳಿಗೆ ಕಮಿಷನರ್ ಹುದ್ದೆಯನ್ನೇ ರದ್ದು ಮಾಡುತ್ತೇವೆ ಎಂದು ಘೋಷಿಸಿತು. ಅಧಿಕಾರ ಮೇಯರ್ ಇರುವ ಕಡೆ ಮೇಯರ್‌ಗೆ, ಇಲ್ಲದ ಕಡೆ ಕೌನ್ಸಿಲ್ ಮುಖಂಡರಿರುವ ಮಂಡಳಿಗೆ. ಕೌನ್ಸಿಲರ್‌ಗಳು ತುಂಬಿದ ಪ್ರಾಧಿಕಾರದಿಂದ ಹೊರಟವರು ಕೌನ್ಸಿಲ್ ಮುಖಂಡರ ಮಂಡಳಿಗೆ ಬಂದು ನಿಲ್ಲುತ್ತಿದ್ದಾರೆ. ಆ ಮಂಡಳಿಗಳಿಗೂ ಫೆಬ್ರವರಿ ಬರುತ್ತದೆ, ತೆರಿಗೆ ನಿಗದಿ ಮಾಡಬೇಕು, ಚೀಫ್ ಕಾನ್‌ಸ್ಟೆಬಲ್‌ರನ್ನು ಹುಡುಕಬೇಕು. ಅವರಿಗೊಂದು ಸಂಘ ಕಟ್ಟಲು ಯಾರಾದರೂ ಕೂತರೆ ಚಂದಾ, ಲಾಂಛನದ ಚರ್ಚೆ ಆಮೇಲೆ ಇಟ್ಟುಕೊಳ್ಳಲಿ. ಮೊದಲ ಸಭೆಯಲ್ಲೇ, ಒಪ್ಪದ ಸದಸ್ಯ ಏನು ಮಾಡಬಹುದು ಎಂಬ ಷರತ್ತನ್ನು ಬರೆದು ಮುಗಿಸಲಿ.